ಚಿಕ್ಕ ಬೆಡ್‌ರೂಮಿನ ಮೂಲೆಗೆ ಶೆಲ್ಫ್ ಹಾಕಿಸುವ ಮುಂಚೆ

10 ಅಡಿಗೆ 9 ಅಡಿ ರೂಮು, 5 ಅಡಿ ಅಗಲದ ಮಂಚ, ಒಂದು ಬೀರು. ಇಷ್ಟಕ್ಕೇ ರೂಮು ತುಂಬಿಹೋಗಿದೆ, ಆದರೂ ಮೂಲೆಗಳು ಸುಮ್ನೆ ಬಿದ್ದಿವೆ, ಅಲ್ಲಿಗೆ ತ್ರಿಕೋನದ ಶೆಲ್ಫ್ ಹಾಕಿಸಲಾ ಅಂತ ಕೇಳಿದ್ದೀರಿ. ನಾನಿರುವ ರೂಮೂ ಹೆಚ್ಚುಕಡಿಮೆ ಇದೇ ಅಳತೆಯದು. ಆ ತ್ರಿಕೋನದ ಶೆಲ್ಫನ್ನು ನಾನೂ ಹಾಕಿಸಿದ್ದೆ, ಒಂದು ವರ್ಷದ ಮೇಲೆ ತೆಗೆಸಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಶೆಲ್ಫಿನ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಎರಡೂ ಗೋಡೆಗೆ ಒಂದೊಂದು ಅಡಿ ತಾಗುವ ತ್ರಿಕೋನದ ಹಲಗೆ ನೋಡಲು ಅಂದವಾಗಿರುತ್ತದೆ. ಆದರೆ ಅದರ ಮೇಲಿನ ಜಾಗ ಬರೀ ಅರ್ಧ ಚದರ ಅಡಿ. ಮೂಲೆಯಿಂದ ಮುಂದಿನ ಅಂಚಿನ ನಡುವಿಗೆ ಅಳೆದರೆ ಎಂಟೂವರೆ ಇಂಚು. ಎರಡು ತುದಿಗಳಿಗೆ ಹೋಗುತ್ತಾ ಹೋಗುತ್ತಾ ಅದೂ ಇಲ್ಲ. ಒಂದು ಪುಸ್ತಕ ತಗೊಳ್ಳಿ. ಮೂಲೆಗೆ ಒತ್ತಿ ಮಲಗಿಸಿದರೆ ಅದರ ಉದ್ದ ಮತ್ತು ಅಗಲ ಕೂಡಿಸಿ 12 ಇಂಚಿನೊಳಗೆ ಇರಬೇಕು, ಆಗ ಮಾತ್ರ ಪೂರ್ತಿ ಹಲಗೆಯ ಮೇಲೆ ಕೂರುತ್ತದೆ. ಸಾಮಾನ್ಯ ಕಾದಂಬರಿಯೇ ಎಂಟೂವರೆ ಇಂಚು ಉದ್ದ, ಐದೂವರೆ ಇಂಚು ಅಗಲ ಇರುತ್ತದೆ. ಎರಡೂ ಸೇರಿದರೆ 14. ಪುಸ್ತಕದ ಮೂಲೆ ಹಲಗೆಯಿಂದ ಹೊರಗೆ ಚಾಚಿಕೊಂಡು ನಿಲ್ಲುತ್ತದೆ, ಕೈ ತಾಗಿದರೆ ಬೀಳುತ್ತದೆ. ನಾನು ಇಡಲು ಆಗಿದ್ದು ಒಂದು ಅಲಾರಾಂ, ಎರಡು ಡಬ್ಬಿ, ಅಷ್ಟೇ.

ಈಗ ಅದೇ ಮೂಲೆಯಲ್ಲಿ ಎರಡು ನೇರ ಹಲಗೆ ಇವೆ. ಎಂಟು ಇಂಚು ಅಗಲ. ಒಂದು ಮೂಲೆಯ ತನಕ ಬರುವ 3 ಅಡಿಯದು, ಇನ್ನೊಂದು ಅದಕ್ಕೆ ತಾಗಿಕೊಂಡು ಪಕ್ಕದ ಗೋಡೆ ಮೇಲೆ ಹೋಗುವ 2 ಅಡಿಯದು. ಒಟ್ಟು ಮೂರು ಚದರ ಅಡಿಗಿಂತ ಜಾಸ್ತಿ ಜಾಗ ಸಿಕ್ಕಿತು. ತ್ರಿಕೋನದ ಆರು ಪಟ್ಟು! ನೆಲದ ಒಂದಿಂಚೂ ಹೋಗಲಿಲ್ಲ. ಎರಡೂ ಹಲಗೆ ಕೂಡುವ ಜಾಗಕ್ಕೆ ಮಾತ್ರ ಕೈ ಹೋಗುವುದು ಕಷ್ಟ, ಮುಂದಿನ ಸಾಮಾನು ಅಡ್ಡ ಬರುತ್ತದೆ. ಅಲ್ಲೊಂದು ಸಣ್ಣ ದೀಪ ಇಟ್ಟಿದ್ದೇನೆ. ಇದು ಬಹಳ ಉಪಯೋಗಕ್ಕೆ ಬಂತು. ಸೀಲಿಂಗಿನ ನಡುವೆ ಒಂದೇ ಲೈಟ್ ಇದ್ದರೆ ಮೂಲೆಗಳು ಕತ್ತಲಾಗಿ ರೂಮು ಇನ್ನೂ ಚಿಕ್ಕದಾಗಿ ಕಾಣುತ್ತದೆ. ಮೂಲೆಯ ದೀಪದ ಬೆಳಕು ಎರಡೂ ಗೋಡೆಗೆ ಬಿದ್ದು ಒಳಗೆ ಹರಡುತ್ತದೆ. ರಾತ್ರಿ ಓದುವುದಕ್ಕೂ ಹಿತ.

ಹಲಗೆ ಕತ್ತರಿಸುವ ಮುಂಚೆ ಮೂಲೆ ನಿಜವಾಗಿ ನೇರವಾಗಿದೆಯಾ ನೋಡಿ. ಎಷ್ಟೋ ಗೋಡೆಗಳು ಕೂಡುವಲ್ಲಿ ಕೊಂಚ ಸೊಟ್ಟಗಿರುತ್ತವೆ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಪೆನ್ಸಿಲ್ ಗುರುತು ಹಾಕಿ. ಎರಡೂ ಗುರುತು ಒಂದೇ ಎತ್ತರದಲ್ಲಿರಲಿ. ಅವುಗಳ ನಡುವೆ ಟೇಪ್ ಹಿಡಿದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ. ಕಮ್ಮಿ ಬಂದರೆ ಮೂಲೆ ಇಕ್ಕಟ್ಟು, ಜಾಸ್ತಿ ಬಂದರೆ ಅಗಲ. ಆಗ ರಟ್ಟು ಕತ್ತರಿಸಿ ಮೂಲೆಗೆ ಕೂರಿಸಿ ನೋಡಿ, ಆ ರಟ್ಟನ್ನೇ ಬಡಗಿಗೆ ಕೊಡಿ. ಇನ್ನೊಂದು ಮಾತು. ಸ್ವಿಚ್‌ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಡ್ರಿಲ್ ಮಾಡಿಸಬೇಡಿ, ಒಳಗಿನ ವೈರ್ ಅಲ್ಲೇ ಓಡಿರಬಹುದು. ತಲೆದಿಂಬಿನ ಮೇಲೆ ಬರುವ ಹಲಗೆಯಲ್ಲಿ ಭಾರದ ಸಾಮಾನು ಖಂಡಿತ ಬೇಡ.

ಇಷ್ಟು ಶೆಲ್ಫಿನ ಮಾತಾಯಿತು. ಆದರೆ ಅದನ್ನು ಯಾವ ಮೂಲೆಗೆ ಹಾಕಬೇಕು? ಇದನ್ನು ಬಾಗಿಲು ನೋಡಿ ತೀರ್ಮಾನಿಸಬೇಕು. ಎರಡೂವರೆ ಅಡಿ ಅಗಲದ ಬಾಗಿಲು ಒಳಗೆ ತೆರೆದರೆ ಸುಮಾರು 5 ಚದರ ಅಡಿ ನೆಲ ಅದಕ್ಕೇ ಬೇಕು. ನಿಮ್ಮದು ಒಟ್ಟು 90 ಚದರ ಅಡಿ, ಅದರಲ್ಲಿ ಮಂಚವೇ 32ರ ಹತ್ತಿರ ತಿನ್ನುತ್ತದೆ. ಹಾಗಾಗಿ ಬಾಗಿಲಿನ ದಾರಿಗೆ ಏನೂ ಬರಬಾರದು. ಬಾಗಿಲ ಹಿಂದಿನ ಮೂಲೆಯನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ಬಾಗಿಲು ಪೂರ್ತಿ ತೆರೆದಾಗಲೂ ಅದಕ್ಕೂ ಗೋಡೆಗೂ ನಡುವೆ ನಾಲ್ಕೈದು ಇಂಚು ಸಂದು ಉಳಿದರೆ ತೆಳ್ಳಗಿರುವುದೆಲ್ಲ ಅಲ್ಲಿಗೆ ಹೋಗಲಿ: ಇಸ್ತ್ರಿ ಟೇಬಲ್, ಮಡಚಿದ ಬಟ್ಟೆ ಸ್ಟ್ಯಾಂಡ್, ಚಾಪೆ. ನೆಲಕ್ಕೆ ಒಂದು ಸ್ಟಾಪರ್ ಹಾಕಿಸಿ, ಇಲ್ಲದಿದ್ದರೆ ಹಿಡಿಕೆ ಹೊಡೆದು ಹೊಡೆದು ಗೋಡೆಯ ಗಾರೆ ಉದುರುತ್ತದೆ.

ಮನೆಯ ಹೊರಗೋಡೆಗಳು ಎರಡು ಕೂಡುವ ಮೂಲೆ ಇದ್ದರೆ ಅದರ ಬಗ್ಗೆ ಹುಷಾರಾಗಿರಿ. ನಾನು ಇಲ್ಲಿ ಪೆಟ್ಟು ತಿಂದಿದ್ದೇನೆ. ಜಾಗ ಉಳಿಯಲಿ ಅಂತ ಬೀರುವನ್ನು ಗೋಡೆಗೆ ಅಂಟಿಸಿ ಅಂಥ ಮೂಲೆಗೆ ತಳ್ಳಿದ್ದೆ. ಚಳಿಗಾಲ ಕಳೆದು ಕೆಳಗಿನ ಖಾನೆ ತೆಗೆದರೆ ಸ್ವೆಟರ್ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಬೂಷ್ಟು. ಮೂಗಿಗೆ ಹಸಿ ಮಣ್ಣಿನಂಥ ಮುಗ್ಗಲು ವಾಸನೆ. ಬೀರು ಎಳೆದು ನೋಡಿದರೆ ಹಿಂದಿನ ಗೋಡೆ ತುಂಬಾ ಕಪ್ಪು ಚುಕ್ಕೆ. ಅಂಥ ಮೂಲೆ ಎರಡೂ ಕಡೆಯಿಂದ ತಣ್ಣಗಾಗುತ್ತದೆ, ಗಾಳಿಯೂ ಆಡುವುದಿಲ್ಲ. ನಮ್ಮ ಉಸಿರಿನ ತೇವ ರಾತ್ರಿಯಿಡೀ ಅಲ್ಲಿ ಹೋಗಿ ಕೂರುತ್ತದೆ. ಈಗ ಮೂರು ಇಂಚು ಮುಂದಕ್ಕೆ ಎಳೆದು, ಕಾಲಿನ ಮೇಲೆ ಎತ್ತರಿಸಿ ಇಟ್ಟಿದ್ದೇನೆ. ಆಮೇಲೆ ಬೂಷ್ಟು ಬಂದಿಲ್ಲ. ನಿಮ್ಮ ಮಂಚವನ್ನೂ ಆ ಮೂಲೆಗೆ ಒತ್ತಬೇಡಿ.

ಮಂಚವನ್ನು ಮೂಲೆಗೆ ತಳ್ಳುವುದು ಒಬ್ಬರೇ ಮಲಗುವವರಿಗೆ ಒಳ್ಳೆಯದು, ರೂಮಿನ ನಡುವೆ ನೆಲ ಬಿಡುವಾಗುತ್ತದೆ. ಇಬ್ಬರಾದರೆ ಬೇಡ. ಗೋಡೆ ಕಡೆ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು, ಬೆಡ್‌ಶೀಟ್ ಸಿಕ್ಕಿಸಲು ದಿನಾ ಪೂರ್ತಿ ಹಾಸಿಗೆ ಎತ್ತಬೇಕು.

ಮೂಲೆಗೆ ಏನೇ ತರುವ ಮುಂಚೆ ಅದರ ಅಳತೆಗೆ ಹಳೇ ನ್ಯೂಸ್‌ಪೇಪರ್ ಕತ್ತರಿಸಿ ನೆಲಕ್ಕೆ ಅಂಟಿಸಿ. ಎರಡು ದಿನ ಅದನ್ನು ತುಳಿಯದೆ ಓಡಾಡಿ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಎದ್ದಾಗ ಪೇಪರ್ ಕಾಲಿಗೆ ಸಿಕ್ಕರೆ ಸಾಮಾನೂ ಅಲ್ಲೇ ಕಾಲಿಗೆ ಬಡಿಯುತ್ತದೆ, ಅಲ್ವಾ? ನಾನು ಮೂಲೆಗೊಂದು ಮೇಜು ತರಬೇಕು ಅಂತಿದ್ದೆ. ಪೇಪರ್ ನೋಡಿದ ಮೇಲೆ ಕೈಬಿಟ್ಟೆ.

ಮತ್ತೆ, ನಾಲ್ಕೂ ಮೂಲೆ ತುಂಬಲೇಬೇಕು ಅಂತ ಹೊರಡಬೇಡಿ. ಮಲಗಿದಾಗ ಕಣ್ಣೆದುರು ಬರುವ ಮೂಲೆಯನ್ನು ನಾನು ಹಾಗೇ ಬಿಟ್ಟಿದ್ದೇನೆ, ಅಲ್ಲಿ ಗೋಡೆ ಬಿಟ್ಟರೆ ಏನೂ ಇಲ್ಲ. ಚಿಕ್ಕ ರೂಮಿನಲ್ಲಿ ಕಣ್ಣಿಗೆ ಅಷ್ಟು ಬಿಡುವು ಬೇಕು. ಅಲ್ಲೊಂದು ಕುರ್ಚಿ ಹಾಕಿದರೆ ಒಂದೇ ವಾರದಲ್ಲಿ ಅದರ ಮೇಲೆ ಬಟ್ಟೆ ರಾಶಿ ಬೀಳುತ್ತದೆ.

ನಿಮ್ಮ ಬಾಗಿಲು ಯಾವ ಗೋಡೆಯಲ್ಲಿದೆ, ಎಡಕ್ಕೆ ತೆರೆಯುತ್ತದಾ ಬಲಕ್ಕಾ, ಕಿಟಕಿ ಎಲ್ಲಿದೆ, ಹೊರಗೋಡೆ ಯಾವುವು ಅಂತ ತಿಳಿಸಿ. ಯಾವ ಮೂಲೆಗೆ ಏನು ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.