ಬಿದ್ದವರ ಹೆಲ್ಮೆಟ್ ತೆಗೆಯಬೇಕಾ?

ಕೊಲ್ಹಾರ ಸೇತುವೆ ಹತ್ತಿರ ಬೈಕಿನಿಂದ ಬಿದ್ದವರ ಹೆಲ್ಮೆಟ್ ಎಳೆದು ತೆಗೆದು ಕೂರಿಸಿದೆವು, ತಪ್ಪಾಯಿತಾ ಎಂದು ಕೇಳಿದ್ದೀರಿ. ನೀವು ನಿಂತಿದ್ದೇ ದೊಡ್ಡದು ಬಿಡಿ ಸರ್. ಆದರೆ ಮುಂದೆ ಹಾಗೆ ಮಾಡಬೇಡಿ. ಕುತ್ತಿಗೆಯ 7 ಮೂಳೆಗಳ ಒಳಗಿನಿಂದಲೇ ನರದ ಹುರಿ ಇಳಿಯುತ್ತದೆ. ಮುರಿದ ಮೂಳೆ ಸ್ವಲ್ಪ ಜರುಗಿದರೂ ಕೈಕಾಲಿನ ಬಲ ಹೋಗಬಹುದು. ಉಸಿರು ಸರಿಯಾಗಿದ್ದರೆ ಹೆಲ್ಮೆಟ್ ಇರಲಿ, ಗಾಜು ಮಾತ್ರ ಎತ್ತಿ. ತಲೆ ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡು, ಪಕ್ಕದವರಿಂದ 108ಕ್ಕೆ ಫೋನ್ ಮಾಡಿಸಿ. ಉಸಿರಾಟ ನಿಂತಿದ್ದರೆ ಮಾತ್ರ ತೆಗೆಯಲೇಬೇಕು. ಆಗ ಒಬ್ಬರು ಗದ್ದ, ಕುತ್ತಿಗೆ ಹಿಡಿಯಬೇಕು. ಇನ್ನೊಬ್ಬರು ಪಟ್ಟಿ ಬಿಚ್ಚಿ ಮೆಲ್ಲಗೆ ಜಾರಿಸಬೇಕು. ನೀರು ಕುಡಿಸುವುದೂ ಬೇಡ. ನಮ್ಮ ಕಡೆ ಮೊದಲು ತಂಬಿಗೆಯೇ ಓಡಿ ಬರುತ್ತದೆ, ಅಲ್ವಾ! ಕೈಕಾಲು ಜುಮ್ಮೆನ್ನುತ್ತಿದೆ ಅಂದರೆ ಟಂಟಂನಲ್ಲಿ ಮುದುರಿ ಮಲಗಿಸಿಕೊಂಡು ಹೊರಡಬೇಡಿ, ಆಂಬುಲೆನ್ಸ್‌ಗೆ ಕಾಯಿರಿ. ಅಂದಹಾಗೆ, ಅವರಿಗೆ ಈಗಲೂ ಕುತ್ತಿಗೆ ನೋವಿದೆಯಾ? ಇದ್ದರೆ ತಿಕ್ಕಿಸಲು ಹೋಗದೆ ಮೂಳೆ ಡಾಕ್ಟರಿಗೆ ತೋರಿಸಲು ಹೇಳಿ.