ಪ್ರತಿಕ್ರಿಯೆ: ತೋಟ ಅಡವಿಟ್ಟು ಇನ್ನೊಂದು ತೋಟ ಕೊಳ್ಳುವುದು ಕ್ರೈಸ್ತ ವಿಶ್ವಾಸಿಗೆ ದುರಾಸೆಯೇ?

ಮೂಡಿಗೆರೆಯ ಕಾಫಿ ತೋಟವನ್ನು ಅಡವಿಟ್ಟು ಪಕ್ಕದ ತೋಟ ಕೊಳ್ಳಲು ಹೊರಟಿರುವ ನಿಮ್ಮ ತಳಮಳಕ್ಕೆ ಕಾರಣ ಬಹುಶಃ ಆಸ್ತಿಯಲ್ಲ, ಸಾಲ. ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರವು (6:10) ಕೇಡಿನ ಬೇರೆಂದು ಹೇಳುವುದು ಹಣವನ್ನಲ್ಲ, ಹಣದಾಸೆಯನ್ನು. ಮೊದಲು, ಲೂಕ 14:28ರಲ್ಲಿ ಗೋಪುರ ಕಟ್ಟುವವನಂತೆ ಕುಳಿತು ಲೆಕ್ಕ ಹಾಕಿರಿ: ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟು, ರೊಬಸ್ಟಾ ಕಾಫಿಯ ಬೆಲೆಯೂ ಅರ್ಧಕ್ಕಿಳಿದ ವರ್ಷ ಕಂತಿನ ಹಣ ಎಲ್ಲಿಂದ ಬರುತ್ತದೆ? ಮುಂದಿನ ಬೆಲೆಯನ್ನು ಯಾರೂ ಖಚಿತವಾಗಿ ಹೇಳಲಾರರು. ಜಮೀನಿನ ದಲ್ಲಾಳಿ ಹೇಳಿದರಂತೂ ನಂಬಬೇಡಿ. ಆಗ ಕಂತು ಕಟ್ಟಲು ಹಳೆಯ ತೋಟ ಮಾರುವುದೊಂದೇ ದಾರಿಯಾದರೆ, ಸಾಲಗಾರನು ಸಾಲ ಕೊಟ್ಟವನಿಗೆ ಆಳೆನ್ನುವ ಜ್ಞಾನೋಕ್ತಿ 22:7 ನಿಮಗೇ ಹೇಳಿದ್ದೆಂದು ತಿಳಿದು ಈ ವ್ಯವಹಾರವನ್ನು ಬಿಟ್ಟುಬಿಡಿ. ಕೊಂಡರೆ ನೆಮ್ಮದಿ ಬರುತ್ತದೆಂಬುದನ್ನು ಲೆಕ್ಕಕ್ಕೆ ಸೇರಿಸಬೇಡಿ. ಸಂತೃಪ್ತಿಯನ್ನು ಕಲಿತಿದ್ದೇನೆಂದು ಪೌಲನು ಬರೆದದ್ದು (ಫಿಲಿಪ್ಪಿ 4:11) ಸೆರೆಯಲ್ಲಿದ್ದಾಗ. ಕಂತು ನಿಭಾಯಿಸಬಲ್ಲಿರಾದರೆ, ನಿಮಗೆ ಸಾಕೆನಿಸುವ ವರಮಾನವನ್ನೂ ದಾನದ ಪಾಲನ್ನೂ ಮನೆಯವರೊಡನೆ ನಿರ್ಧರಿಸಿ ಬರೆದಿಟ್ಟ ಬಳಿಕವೇ ಸಾಲಪತ್ರಕ್ಕೆ ಸಹಿ ಹಾಕಿರಿ.