ಫೋಲ್ಡರ್ ಕಾಣುತ್ತೆ, ಕಾಪಿ ಮಾತ್ರ ಅರ್ಧಕ್ಕೇ ನಿಲ್ಲುತ್ತೆ
ನಿಮ್ಮ 1 ಟಿಬಿ ಹಾರ್ಡ್ ಡಿಸ್ಕಲ್ಲಿ ಫೋಲ್ಡರ್ ಹೆಸರೆಲ್ಲ ಕಾಣ್ತಿದ್ದು, ಫೋಟೊ ಕಾಪಿ ಮಾಡುವಾಗ ಮಾತ್ರ ಅರ್ಧಕ್ಕೆ ನಿಲ್ಲುತ್ತೆ ಅಂದ್ರೆ ಬಹುಮಟ್ಟಿಗೆ ಬ್ಯಾಡ್ ಸೆಕ್ಟರ್, ಅಂದ್ರೆ ಡಿಸ್ಕಲ್ಲಿ ಓದೋಕಾಗದ ಕೆಟ್ಟ ಜಾಗ. ಡಿಸ್ಕ್ ಓದೋ ಹೆಡ್ ಸೋಲ್ತಿರಲೂಬಹುದು; ಕಿವಿಯಿಟ್ಟು ಕೇಳಿ. ಟಕ್ ಟಕ್ ಅಂತ ಒಂದೇ ಸಮ ಬಡೀತಿದ್ರೆ ಈಗಲೇ ಪವರ್ ತೆಗೆದು, ಕ್ಲೀನ್ ರೂಮ್ (ಡಿಸ್ಕ್ ಬಿಚ್ಚೋಕೆ ಧೂಳಿಲ್ಲದ ಕೋಣೆ) ಇರೋ ಡೇಟಾ ರಿಕವರಿಯವರಿಗೆ ಕೊಡಿ. ಮುಂದಿನದು ನಿಮಗಲ್ಲ.

ಆ ಸದ್ದು ಇಲ್ವಾ? ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ರಿಪೇರಿ ಟೂಲ್) ಓಡಿಸಲೇಬೇಡಿ, ರಿಪೇರಿ ಮಾಡುವಾಗ ಅದು ಸಾಯ್ತಿರೋ ಡಿಸ್ಕಿನ ಮೇಲೇ ಬರೆಯುತ್ತೆ. ಲಿನಕ್ಸ್ ಲೈವ್ ಯುಎಸ್‌ಬಿಯಿಂದ (ಇನ್ಸ್ಟಾಲ್ ಮಾಡದೆ ಪೆನ್ ಡ್ರೈವಿಂದಲೇ ಓಡೋ ಲಿನಕ್ಸ್) ಬೂಟ್ ಮಾಡಿ, ಡಿಸ್ಕನ್ನ ಮೌಂಟ್ ಮಾಡದೆ (ಅಂದ್ರೆ ಫೋಲ್ಡರ್ ತೆರೆಯೋ ಹಾಗೆ ಸಿಸ್ಟಮ್‍ಗೆ ಜೋಡಿಸದೆ), ಗ್ನೂ ಡಿಡಿರೆಸ್ಕ್ಯೂ (ddrescue) ಅನ್ನೋ ಕಮಾಂಡ್ ಟೂಲಿನಿಂದ ಪೂರ್ತಿ ಇಮೇಜನ್ನ, ಅಂದ್ರೆ ಇಡೀ ಡಿಸ್ಕಿನ ಪಡಿಯಚ್ಚನ್ನ, ಇದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ತೆಗೀರಿ. ಮೊದಲ ಸುತ್ತಿಗೆ ಮೈನಸ್ ಎನ್ (-n) ಅನ್ನೋ ಆಯ್ಕೆ ಹಾಕಿ: ಕೆಟ್ಟ ಜಾಗ ಕೆರೀತಾ ಕೂರಲ್ಲ, ಚೆನ್ನಾಗಿರೋದು ಮೊದಲು ಬರುತ್ತೆ. ಎರಡನೇ ಸುತ್ತಿಗೆ ಮೈನಸ್ ಡಿ (-d, ಡಿಸ್ಕನ್ನ ನೇರವಾಗಿ ಓದೋಕೆ), ಮೈನಸ್ ಆರ್ 3 (-r3, ಕೆಟ್ಟ ಜಾಗಕ್ಕೆ ಮೂರು ಸಲ ಮರುಯತ್ನ). ಎಲ್ಲಿವರೆಗೆ ಓದಿದೆ ಅಂತ ಬರೆದಿಡೋ ಮ್ಯಾಪ್ ಫೈಲ್ ಹೆಸರು ಕೊಡೋದು ಮರೀಬೇಡಿ. ನನ್ನದು ಓಡ್ತಿದ್ದಾಗ ಎರಡು ಸಲ ಕರೆಂಟ್ ಹೋಯ್ತು, ಎರಡೂ ಸಲ ನಿಂತಲ್ಲಿಂದಲೇ ಶುರುವಾಯ್ತು.

ಫ್ರೀಜರಲ್ಲಿಡೋ ಸಲಹೆ ಯಾರಾದ್ರೂ ಕೊಟ್ರೆ ಬಿಟ್ಹಾಕಿ, ಒಳಗೆ ತೇವ ಕಟ್ಟುತ್ತೆ.

ಇನ್ನು ಡಿಸ್ಕ್ ಪಕ್ಕಕ್ಕಿಡಿ. ಇಮೇಜನ್ನ ರೀಡ್-ಓನ್ಲಿ ಮೌಂಟ್ ಮಾಡಿ ಫೋಟೊ ಎತ್ಕೊಳ್ಳಿ. ಮೌಂಟ್ ಆಗದಿದ್ರೆ ಇಮೇಜಿನ ಮೇಲೆ ಫೋಟೊರೆಕ್ (ಕಳೆದ ಫೈಲ್ ಹುಡುಕಿ ತೆಗೆಯೋ ಟೂಲ್) ಓಡಿಸಿ. ಫೈಲ್ ಹೆಸರು ಹೋಗುತ್ತೆ, ಚಿತ್ರ ಸಿಗುತ್ತೆ.